ಹರಿಕೇನ್ ಬಂದಾಗ ಮನೆಯಲ್ಲೇ ಇರಬೇಕಾ, ಹೊರಡಬೇಕಾ? ಫ್ಲಾರಿಡಾ, ಹ್ಯೂಸ್ಟನ್ ಕನ್ನಡಿಗರಿಗೊಂದು ಹೋಲಿಕೆ

ಫ್ಲಾರಿಡಾದಲ್ಲೋ ಟೆಕ್ಸಸ್ ಕರಾವಳಿಯಲ್ಲೋ ಮನೆ ಮಾಡಿಕೊಂಡ ನಮ್ಮವರಿಗೆ ಜೂನ್ 1ರಿಂದ ನವೆಂಬರ್ 30ರವರೆಗೆ ಒಂದೇ ಚಿಂತೆ. ಚಂಡಮಾರುತ ನಮ್ಮ ಕಡೆ ತಿರುಗಿದರೆ ಏನು ಮಾಡುವುದು? ಕೂಡಿಟ್ಟ ದುಡ್ಡನ್ನೆಲ್ಲ ಸುರಿದು ಕೊಂಡ ಮನೆ. ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ, ಇರಲು ಧೈರ್ಯ ಸಾಲುವುದಿಲ್ಲ. ಊರಿಂದ ಅಮ್ಮ ಗಂಟೆಗೊಮ್ಮೆ ಫೋನ್ ಮಾಡುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಈಗಲೇ ಅಟ್ಲಾಂಟಾಗೆ ಹೊರಡಿ ಅಂತಾರೆ, ಇನ್ನೊಬ್ಬರು ಏನೂ ಆಗಲ್ಲ ಬಿಡಿ ಅಂತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀರು ಬರುವ ಜಾಗದಲ್ಲಿದ್ದರೆ ಹೊರಡಿ, ಬೇರೆ ಯೋಚನೆಯೇ ಬೇಡ. ಗಾಳಿಯ ಭಯ ಮಾತ್ರ ಇದ್ದು ಮನೆ ಗಟ್ಟಿಯಾಗಿದ್ದರೆ ಒಳಗಿರಬಹುದು. ಹೊರಡುವವರಿಗೂ ಸಾಮಾನ್ಯವಾಗಿ ಹತ್ತಾರು ಮೈಲಿ ಸಾಕು, ನೂರಾರು ಮೈಲಿ ಬೇಕಿಲ್ಲ. ಉಳಿತಾಯವನ್ನು ಕಾಪಾಡುವ ಕೆಲಸ ಮಾತ್ರ ಬೇರೆಯೇ. ಬಿರುಗಾಳಿಯ ರಾತ್ರಿ ಮನೆಯಲ್ಲಿ ಕೂತು ಅದನ್ನು ಕಾಯಲು ಆಗುವುದಿಲ್ಲ. ಅದನ್ನು ಮೇ ತಿಂಗಳಲ್ಲೇ ಕಾಗದದ ಮೇಲೆ ಮುಗಿಸಿರಬೇಕು.

ಕೆಟಗರಿ ನೋಡಿ ತೀರ್ಮಾನ ಮಾಡಬೇಡಿ

ಟಿವಿಯವರು ಕೆಟಗರಿ 1, 2, 3 ಎಂದು ಹೇಳುತ್ತಲೇ ಇರುತ್ತಾರೆ. ಆ ಅಂಕಿ ಅಳೆಯುವುದು ಗಾಳಿಯ ವೇಗವನ್ನು ಮಾತ್ರ. ಗಂಟೆಗೆ 74 ಮೈಲಿ ದಾಟಿದರೆ ಕೆಟಗರಿ 1, 157 ಮುಟ್ಟಿದರೆ 5. ಕಡಲು ಎಷ್ಟು ಉಕ್ಕುತ್ತದೆ, ಮಳೆ ಎಷ್ಟು ಸುರಿಯುತ್ತದೆ ಎನ್ನುವುದು ಅದರಲ್ಲಿ ಇಲ್ಲ. 2008ರಲ್ಲಿ ಗ್ಯಾಲ್ವೆಸ್ಟನ್‌ಗೆ ಬಂದ ಐಕ್ ಬರೀ ಕೆಟಗರಿ 2. ಆದರೂ ಪಕ್ಕದ ಬೊಲಿವರ್ ಪರ್ಯಾಯ ದ್ವೀಪದಲ್ಲಿ ಸಾಲು ಸಾಲು ಮನೆಗಳು ಕೊಚ್ಚಿಹೋದವು. 2017ರ ಹಾರ್ವಿ ನೆಲ ಮುಟ್ಟಿದ್ದು ರಾಕ್‌ಪೋರ್ಟ್ ಹತ್ತಿರ. ಹ್ಯೂಸ್ಟನ್ ಕಡೆ ಬರುವಷ್ಟರಲ್ಲಿ ಗಾಳಿ ಇಳಿದಿತ್ತು, ಆದರೆ ಅಲ್ಲೇ ನಿಂತು ದಿನಗಟ್ಟಲೆ ಮಳೆ ಸುರಿಯಿತು. ಟೆಕ್ಸಸ್‌ನ ನೆಡರ್‌ಲ್ಯಾಂಡ್‌ನಲ್ಲಿ 60 ಇಂಚಿಗೂ ಜಾಸ್ತಿ ಮಳೆ ಬಿತ್ತು.

ಇನ್ನೊಂದು, ಆ ಕೋನ್. ನಕ್ಷೆಯಲ್ಲಿ ಬಿಳಿ ಬಣ್ಣದಲ್ಲಿ ಕಾಣುವ ಅದು ಚಂಡಮಾರುತದ ನಡುಬಿಂದು ಎಲ್ಲಿ ಹಾಯಬಹುದು ಎನ್ನುವ ಅಂದಾಜು ಅಷ್ಟೇ. ಅದರ ಹೊರಗಿದ್ದರೆ ಸುರಕ್ಷಿತ ಎಂದು ಅರ್ಥವಲ್ಲ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ನೆಲ ಮುಟ್ಟಿದ್ದು ಪೆರಿ ಊರಿನ ಹತ್ತಿರ, ಟ್ಯಾಂಪಾದಿಂದ ಎಷ್ಟೋ ದೂರ. ಅದರ ಕಣ್ಣು ಟ್ಯಾಂಪಾ ಕೊಲ್ಲಿಯಿಂದ ನೂರು ಮೈಲಿ ಆಚೆ ಸಮುದ್ರದಲ್ಲೇ ಹಾದುಹೋಯಿತು. ಆದರೂ ಕೊಲ್ಲಿಯ ನೀರು ಹಿಂದೆಂದೂ ಇಲ್ಲದಷ್ಟು ಏರಿತು. ಕೊಲ್ಲಿಯ ಪಕ್ಕದ ಪಿನೆಲ್ಲಸ್ ಕೌಂಟಿಯಲ್ಲಿ ಮನೆಯೊಳಗೇ ಮುಳುಗಿ ಜನ ಸತ್ತರು. ಎರಡೇ ವಾರದ ನಂತರ, ಅಕ್ಟೋಬರ್ 9ಕ್ಕೆ, ಮಿಲ್ಟನ್ ನೇರ ಟ್ಯಾಂಪಾಗೇ ಬರುತ್ತದೆ ಎಂದು ಎಲ್ಲರೂ ನಡುಗಿದ್ದೆವು. ಅದು ಸ್ವಲ್ಪ ಕೆಳಗೆ, ಸಿಯೆಸ್ಟಾ ಕೀ ಹತ್ತಿರ ನೆಲ ಮುಟ್ಟಿತು. ಟ್ಯಾಂಪಾ ಕೊಲ್ಲಿಗೆ ಹೆದರಿದ್ದ ಉಬ್ಬರ ಬರಲಿಲ್ಲ. ಅದರ ಬದಲು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಜಾಸ್ತಿ ಮಳೆ ಹುಯ್ದಿತು. ರಾಜ್ಯದ ಆ ತುದಿಯಲ್ಲಿ, ಅಟ್ಲಾಂಟಿಕ್ ಕಡೆಯ ಫೋರ್ಟ್ ಪಿಯರ್ಸ್ ಹತ್ತಿರ, ಅದರ ಸುಂಟರಗಾಳಿಗಳು ಜೀವ ತೆಗೆದವು.

ಹಾಗಾಗಿ ನೋಡಬೇಕಾದದ್ದು ನಿಮ್ಮ ಮನೆಯ ವಿಳಾಸ. ಕೌಂಟಿಯ ಜಾಲತಾಣದಲ್ಲಿ ಅದನ್ನು ಹಾಕಿದರೆ ಇವ್ಯಾಕ್ಯುಯೇಶನ್ ಝೋನ್, ಅಂದರೆ ಮನೆ ಬಿಡಬೇಕಾದ ವಲಯ, ಯಾವುದೆಂದು ತೋರಿಸುತ್ತದೆ. ಫ್ಲಾರಿಡಾದಲ್ಲಿ ಎ ಝೋನ್‌ನವರು ಎಲ್ಲರಿಗಿಂತ ಮೊದಲು ಹೊರಡಬೇಕು. ಇಲ್ಲೊಂದು ಗೊಂದಲ ತುಂಬಾ ಜನಕ್ಕೆ ಆಗುತ್ತದೆ. ಮನೆ ಕೊಳ್ಳುವಾಗ ಬ್ಯಾಂಕಿನವರು ಹೇಳುವ ಫ್ಲಡ್ ಝೋನ್ ಬೇರೆ, ಈ ಇವ್ಯಾಕ್ಯುಯೇಶನ್ ಝೋನ್ ಬೇರೆ. "ನಮ್ಮದು ಎಕ್ಸ್ ಝೋನ್, ಪ್ರವಾಹದ ಅಪಾಯ ಕಡಿಮೆ" ಎನ್ನುವವರ ಮನೆಯೇ ಬಿಡಬೇಕಾದ ಪಟ್ಟಿಯಲ್ಲಿ ಇರಬಹುದು. ಎರಡನ್ನೂ ಬೇರೆ ಬೇರೆಯಾಗಿ ನೋಡಿ ಬರೆದಿಟ್ಟುಕೊಳ್ಳಿ.

ಮನೆಯಲ್ಲೇ ಇರುವುದು

ಇದು ಯಾರಿಗೆ ಸರಿ? ಮನೆ ಬಿಡುವ ಆದೇಶ ನಿಮ್ಮ ಝೋನ್‌ಗೆ ಬಂದಿರಬಾರದು. ಮೊಬೈಲ್ ಹೋಮ್ (ಕಾರ್ಖಾನೆಯಲ್ಲಿ ಮಾಡಿ ತಂದಿಟ್ಟ ಹಗುರ ಮನೆ) ಆಗಿರಬಾರದು. ಅದಕ್ಕೆ ಯಾವ ಝೋನ್ ಆದರೂ ಒಂದೇ, ಹೊರಡಲೇಬೇಕು. ಮನೆ ಹೊಸದಾಗಿದ್ದರೆ ಒಳ್ಳೆಯದು. 1992ರ ಆ್ಯಂಡ್ರೂ ದಕ್ಷಿಣ ಫ್ಲಾರಿಡಾವನ್ನು ನೆಲಸಮ ಮಾಡಿದ ಮೇಲೆ ನಿಯಮಗಳು ಬಿಗಿಯಾದವು. 2002ರಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮ ಬಂತು. ಅದಾದ ಮೇಲೆ ಕಟ್ಟಿದ ಮನೆಗಳು ಗಾಳಿಯನ್ನು ಎಷ್ಟೋ ಚೆನ್ನಾಗಿ ತಡೆಯುತ್ತವೆ.

ಕಿಟಕಿಗೆ ಷಟರ್ ಅಥವಾ ಹೊಡೆತ ತಡೆಯುವ ಇಂಪ್ಯಾಕ್ಟ್ ಗಾಜು ಬೇಕು. ಇಲ್ಲದಿದ್ದರೆ 5/8 ಇಂಚಿನ ಪ್ಲೈವುಡ್. ಗಾಜಿನ ಮೇಲೆ ಟೇಪ್ ಅಂಟಿಸುವುದರಿಂದ ಏನೂ ಉಪಯೋಗವಿಲ್ಲ, ಒಡೆದಾಗ ಚೂರುಗಳು ದೊಡ್ಡದಾಗಿ ಬೀಳುತ್ತವೆ ಅಷ್ಟೇ. ಎಲ್ಲರೂ ಕಿಟಕಿ ನೋಡುತ್ತಾರೆ, ಗ್ಯಾರೇಜ್ ಬಾಗಿಲು ಮರೆಯುತ್ತಾರೆ. ಅದು ಒಳಕ್ಕೆ ಬಿದ್ದರೆ ಗಾಳಿ ಮನೆಯೊಳಗೆ ನುಗ್ಗಿ ಚಾವಣಿಯನ್ನು ಮೇಲಕ್ಕೆ ಎತ್ತುತ್ತದೆ.

ಇರುವುದರ ಲಾಭ ಗೊತ್ತೇ ಇದೆ. ಖರ್ಚು ಕಡಿಮೆ, ನಮ್ಮ ಅಡುಗೆ, ನಮ್ಮ ಹಾಸಿಗೆ. ಎಲ್ಲಾದರೂ ಸೋರಿದರೆ ತಕ್ಷಣ ಬಕೆಟ್ ಇಡಬಹುದು, ಚಾವಣಿಗೆ ಟಾರ್ಪಾಲ್ ಹೊದಿಸಲು ಮಾರನೇ ದಿನವೇ ಸಿಗುತ್ತೀರಿ. ಕಷ್ಟ ಶುರುವಾಗುವುದು ಬಿರುಗಾಳಿ ಹೋದ ಮೇಲೆ. 2024ರ ಜುಲೈ 8ರಂದು ಟೆಕ್ಸಸ್‌ಗೆ ಬಂದ ಬೆರಿಲ್ ಬರೀ ಕೆಟಗರಿ 1. ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಎಷ್ಟೋ ಕಡೆ ದಿನಗಟ್ಟಲೆ ಬರಲಿಲ್ಲ. ಜುಲೈ ತಿಂಗಳ ಸೆಖೆ, ಎಸಿ ಇಲ್ಲ. ಬಿಸಿಲ ಬೇಗೆಗೇ ಜನ ಸತ್ತರು. ಮನೆಯಲ್ಲಿ ಪುಟ್ಟ ಮಕ್ಕಳು, ಬಸುರಿಯರು, ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಗಾಳಿಯ ಲೆಕ್ಕಕ್ಕಿಂತ ಈ ಸೆಖೆಯ ಲೆಕ್ಕ ಮುಖ್ಯ. ಇನ್ಸುಲಿನ್ ತಣ್ಣಗಿರಬೇಕು. ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪಾಪ್ ಯಂತ್ರಕ್ಕೆ ಕರೆಂಟ್ ಬೇಕು. ಹತ್ತನೇ ಮಹಡಿಯ ಅಪಾರ್ಟ್‌ಮೆಂಟ್‌ನಲ್ಲಿ ಲಿಫ್ಟ್ ನಿಂತರೆ ಅಮ್ಮ ಇಳಿಯಲಾರರು, ಪಂಪ್ ನಿಂತರೆ ನಲ್ಲಿಯಲ್ಲಿ ನೀರೂ ಬರದು.

ಜನರೇಟರ್ ಇದೆ ಎಂದು ಧೈರ್ಯ ಮಾಡುವವರು ಒಂದು ಮಾತು ನೆನಪಿಡಿ. ಅದನ್ನು ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿಡಬೇಕು. ಗ್ಯಾರೇಜ್‌ನಲ್ಲಿಟ್ಟು ಬಾಗಿಲು ತೆರೆದರೂ ಸಾಲದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರತಿ ದೊಡ್ಡ ಚಂಡಮಾರುತದ ನಂತರವೂ ಇದರಿಂದ ಸಾವಾಗುತ್ತದೆ. ಹಾಗೇ, ಗಾಳಿ ಜೋರಾದ ಮೇಲೆ 911ಕ್ಕೆ ಕರೆ ಮಾಡಿದರೂ ಆಂಬುಲೆನ್ಸ್ ಹೊರಡುವುದಿಲ್ಲ. ಆ ಕೆಲವು ಗಂಟೆ ನಿಮಗೆ ನೀವೇ.

ಹತ್ತಿರದ ಗೆಳೆಯರ ಮನೆ

ನನ್ನ ಮಟ್ಟಿಗೆ ಹೆಚ್ಚಿನವರಿಗೆ ಇದೇ ಒಳ್ಳೆಯ ದಾರಿ. ಯಾಕೋ ಜನ ಇದನ್ನೇ ಕೊನೆಗೆ ಯೋಚಿಸುತ್ತಾರೆ. ಕರಾವಳಿಯಿಂದ ಮೂವತ್ತು, ನಲವತ್ತು ಮೈಲಿ ಒಳಗೆ, ಎತ್ತರದ ಜಾಗದಲ್ಲಿ, ಹೊಸ ಮನೆಯಲ್ಲಿರುವ ಯಾರಾದರೂ ನಿಮ್ಮ ಕನ್ನಡ ಕೂಟದಲ್ಲಿ ಇದ್ದೇ ಇರುತ್ತಾರೆ. ಕ್ಲಿಯರ್‌ವಾಟರ್‌ನವರಿಗೆ ಲೇಕ್‌ಲ್ಯಾಂಡ್ ಕಡೆ, ಗ್ಯಾಲ್ವೆಸ್ಟನ್ ಕಡೆಯವರಿಗೆ ಹ್ಯೂಸ್ಟನ್‌ನ ಉತ್ತರ ಭಾಗ. ಒಂದು ಟ್ಯಾಂಕ್ ಪೆಟ್ರೋಲ್ ಕೂಡ ಬೇಡ. ಬಿರುಗಾಳಿ ಹೋದ ಮಾರನೇ ದಿನವೇ ವಾಪಸ್ ಬಂದು ಮನೆ ನೋಡಬಹುದು. ಚಾವಣಿ ಕಿತ್ತಿದ್ದರೆ ಮಳೆ ಮತ್ತಷ್ಟು ಹಾಳು ಮಾಡುವ ಮೊದಲೇ ಮುಚ್ಚಬಹುದು. ಮಕ್ಕಳಿಗೂ ಜೊತೆ ಸಿಗುತ್ತದೆ, ದೊಡ್ಡವರಿಗೂ ಭಯ ಕಡಿಮೆಯಾಗುತ್ತದೆ.

ಸಂಕೋಚ ಬೇಡ. ಮೇ ತಿಂಗಳಲ್ಲೇ ಫೋನ್ ಮಾಡಿ ಕೇಳಿ: "ಆದೇಶ ಬಂದರೆ ನಾವು ನಾಲ್ಕು ಜನ ಬರಬಹುದಾ?" ಕೇಳುವ ಮೊದಲು ಅವರ ವಿಳಾಸವನ್ನೂ ಇವ್ಯಾಕ್ಯುಯೇಶನ್, ಫ್ಲಡ್ ಎರಡೂ ಝೋನ್ ನಕ್ಷೆಗಳಲ್ಲಿ ಹಾಕಿ ನೋಡಿ. ಒಳನಾಡಿನಲ್ಲಿದ್ದರೂ ಕೆರೆ, ಹಳ್ಳದ ಪಕ್ಕದ ಮನೆ ಆಗಿದ್ದರೆ ಮಳೆ ನೀರು ಅಲ್ಲಿಗೂ ಬರುತ್ತದೆ. ಹೋಗುವಾಗ ಅಕ್ಕಿ, ಬೇಳೆ, ಅವಲಕ್ಕಿ, ಚಟ್ನಿಪುಡಿ, ಔಷಧಿ, ತಲೆಗೆ ದಿನಕ್ಕೊಂದು ಗ್ಯಾಲನ್ ಲೆಕ್ಕದಲ್ಲಿ ನೀರು ತಗೊಂಡು ಹೋಗಿ. ಅವರ ಮನೆಗೆ ಇನ್ನೂ ಎರಡು ಕುಟುಂಬ ಬಂದಿರಬಹುದು.

ಸರಕಾರಿ ಶೆಲ್ಟರ್

ಗೆಳೆಯರಿಲ್ಲ, ಹೋಟೆಲ್‌ಗೆ ದುಡ್ಡಿಲ್ಲ, ಹೊರಡಲು ತಡವಾಗಿದೆ. ಆಗ ಇದು. ಸಾಮಾನ್ಯವಾಗಿ ಶಾಲೆಯ ಕಟ್ಟಡ. ಉಚಿತ. ಮಂಚ ಸಿಗುತ್ತದೆ ಎಂದು ನಂಬಬೇಡಿ, ಹೊದಿಕೆ ನೀವೇ ತರಬೇಕು. ಸಸ್ಯಾಹಾರ ಸಿಗುವುದು ಕಷ್ಟ, ಬುತ್ತಿ ಕಟ್ಟಿಕೊಂಡು ಹೋಗಿ. ಸ್ಟೂಡೆಂಟ್ ವೀಸಾದಲ್ಲಿರುವ ಹುಡುಗರು ಹೆದರಿ ಹೋಗದೇ ಇರುತ್ತಾರೆ. ರೆಡ್ ಕ್ರಾಸ್ ಶೆಲ್ಟರ್‌ಗಳಲ್ಲಿ ವೀಸಾ ಯಾವುದೆಂದು ಕೇಳುವುದಿಲ್ಲ. ಆಕ್ಸಿಜನ್, ಡಯಾಲಿಸಿಸ್ ಬೇಕಾದವರಿಗೆ ಬೇರೆ ಶೆಲ್ಟರ್ ಇರುತ್ತದೆ, ಅದಕ್ಕೆ ಮೊದಲೇ ಹೆಸರು ಬರೆಸಬೇಕು.

ದೂರದ ಊರಿಗೆ

ಅಟ್ಲಾಂಟಾ, ಡಾಲಸ್, ಆಸ್ಟಿನ್. ಅಲ್ಲಿ ಅಕ್ಕನೋ ಭಾವನೋ ಇದ್ದಾರೆ, ಒಂದು ವಾರ ಉಳಿಯಲು ಜಾಗವಿದೆ, ಕೆಲಸ ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ ಎಂದರೆ ಇದು ಚೆನ್ನಾಗಿದೆ. ಸೆಖೆಯ ಸಮಸ್ಯೆಯೂ ತಪ್ಪುತ್ತದೆ. ತುಂಬಾ ವಯಸ್ಸಾದವರು, ಹಸುಗೂಸು ಇರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಒಂದು ಷರತ್ತು: ಎಲ್ಲರಿಗಿಂತ ಮೊದಲು ಹೊರಡಬೇಕು.

ತಡವಾಗಿ ಹೊರಟರೆ ರಸ್ತೆಯೇ ಅಪಾಯ. 2005ರಲ್ಲಿ ಕಟ್ರೀನಾ ಆದ ಕೆಲವೇ ವಾರಕ್ಕೆ ರೀಟಾ ಬಂತು. ಹೆದರಿದ ಹ್ಯೂಸ್ಟನ್ ಒಟ್ಟಿಗೇ ರಸ್ತೆಗಿಳಿಯಿತು. ಸುಡು ಬಿಸಿಲಲ್ಲಿ ಗಂಟೆಗಟ್ಟಲೆ ನಿಂತ ಕಾರುಗಳು, ಮುಗಿದ ಪೆಟ್ರೋಲ್. ಹಿರಿಯರನ್ನು ಕರೆದೊಯ್ಯುತ್ತಿದ್ದ ಬಸ್ಸೊಂದಕ್ಕೆ ಬೆಂಕಿ ಬಿದ್ದು 23 ಜನ ಸತ್ತರು. ರೀಟಾದ ಗಾಳಿ, ನೀರಿಗಿಂತ ಆ ಹೊರಡುವಿಕೆಯಲ್ಲೇ ಟೆಕ್ಸಸ್‌ನಲ್ಲಿ ಜಾಸ್ತಿ ಸಾವಾಯಿತು. 2017ರಲ್ಲಿ ಇರ್ಮಾ ಬಂದಾಗ ಫ್ಲಾರಿಡಾದಲ್ಲಿ 60 ಲಕ್ಷಕ್ಕೂ ಹೆಚ್ಚು ಜನರಿಗೆ ಮನೆ ಬಿಡಲು ಹೇಳಿದ್ದರು. ಉತ್ತರದ ಹೆದ್ದಾರಿಗಳು ತುಂಬಿಹೋದವು.

ದೂರ ಎಂದರೆ ಸುರಕ್ಷಿತ ಎಂದೂ ಅಲ್ಲ. ಹೆಲೀನ್ ನೂರಾರು ಮೈಲಿ ಒಳಗೆ ಹೋಗಿ ನಾರ್ತ್ ಕ್ಯಾರೊಲೈನಾದ ಬೆಟ್ಟದ ಊರು ಆ್ಯಶ್‌ವಿಲ್‌ನಲ್ಲಿ ಪ್ರವಾಹ ತಂದಿತು. ಹೊರಡುವ ದಿಕ್ಕಿನಲ್ಲೇ ಚಂಡಮಾರುತವೂ ಹೋಗುತ್ತದೆಯಾ ಎಂದು ನೋಡಿ. ವಿಮಾನವನ್ನು ನಂಬಿಕೊಂಡರೆ ನಿಲ್ದಾಣ ಮೊದಲೇ ಮುಚ್ಚಿಬಿಡಬಹುದು.

ಖರ್ಚಿನ ಲೆಕ್ಕ ಹೀಗೆ ಹಾಕಿ. ಹೋಟೆಲ್ ರಾತ್ರಿಗೆ 150 ಡಾಲರ್ ಎಂದುಕೊಂಡರೆ ನಾಲ್ಕು ರಾತ್ರಿಗೆ 600. ಪೆಟ್ರೋಲ್, ಊಟ ಸೇರಿ ಸಾವಿರ ದಾಟುತ್ತದೆ. ಒಂದು ಸೀಸನ್‌ನಲ್ಲಿ ಎರಡು ಸಲ ಹೀಗಾದರೆ ಬೇಸರ ಬಂದು ಮೂರನೇ ಸಲ ಮನೆಯಲ್ಲೇ ಉಳಿಯುವವರು ಇದ್ದಾರೆ. ಆ ಮೂರನೆಯದೇ ನಿಜವಾಗಿ ಬಂದರೆ? ಹತ್ತಿರದ ಗೆಳೆಯರ ಮನೆ ಒಳ್ಳೆಯದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಕಡಿಮೆ ಖರ್ಚಿನ ದಾರಿಯಾದರೆ ಪ್ರತಿ ಸಲವೂ ಹೊರಡಲು ಮನಸ್ಸು ಬರುತ್ತದೆ.

ಯಾವಾಗ ಹೊರಡಬೇಕು? ಜೋರು ಗಾಳಿ ಶುರುವಾಗಲು ಸುಮಾರು 48 ಗಂಟೆ ಇರುವಾಗ ಹರಿಕೇನ್ ವಾಚ್ (ಬರಬಹುದು ಎನ್ನುವ ಸೂಚನೆ) ಹೊರಡಿಸುತ್ತಾರೆ, 36 ಗಂಟೆ ಇರುವಾಗ ವಾರ್ನಿಂಗ್ (ಬರುತ್ತದೆ ಎನ್ನುವ ಎಚ್ಚರಿಕೆ). ಎ ಝೋನ್‌ನವರು ವಾಚ್ ಬಂದಾಗಲೇ ಗಂಟುಮೂಟೆ ಕಟ್ಟಿರಬೇಕು. 2022ರ ಇಯನ್ ಮೊದಲು ಟ್ಯಾಂಪಾ ಕಡೆ ಬರುವಂತೆ ಕಂಡಿತ್ತು. ಆಮೇಲೆ ದಕ್ಷಿಣಕ್ಕೆ ತಿರುಗಿತು. ಫೋರ್ಟ್ ಮೈಯರ್ಸ್ ಇರುವ ಲೀ ಕೌಂಟಿಯಲ್ಲಿ ಮನೆ ಬಿಡುವ ಆದೇಶ ಬಂದದ್ದು ಅದು ನೆಲ ಮುಟ್ಟುವ ಹಿಂದಿನ ದಿನ. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಕಡಲು 10 ಅಡಿಗಿಂತ ಮೇಲೆ ಏರಿತು. ಆದೇಶಕ್ಕೆ ಕಾಯದೆ ನಿಮ್ಮ ಝೋನ್ ನೋಡಿಯೇ ಹೊರಡಬಹುದು, ಯಾರೂ ತಡೆಯುವುದಿಲ್ಲ.

ಕಾರಿನ ವಿಷಯ ಒಂದೇ ಮಾತು. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರು ತೇಲುತ್ತದೆ, ಎರಡಡಿ ಇದ್ದರೆ ದೊಡ್ಡದೂ ಹೋಗುತ್ತದೆ. ಎಲೆಕ್ಟ್ರಿಕ್ ಕಾರನ್ನು ಉಪ್ಪು ನೀರು ಬರುವ ಗ್ಯಾರೇಜ್‌ನಲ್ಲಿ ಬಿಟ್ಟು ಹೋಗಬೇಡಿ. ಇಯನ್ ನಂತರ ನೆನೆದ ಬ್ಯಾಟರಿಗಳಿಗೆ ಬೆಂಕಿ ಹತ್ತಿಕೊಂಡಿತ್ತು.

ಉಳಿತಾಯ: ಯಾವ ವಿಮೆ ಯಾವುದಕ್ಕೆ?

ನಮ್ಮವರು ಜಾಸ್ತಿ ದುಡ್ಡು ಕಳಕೊಳ್ಳುವುದು ಇಲ್ಲೇ. ಮನೆಯ ಮಾಮೂಲಿ ವಿಮೆ ಗಾಳಿಗೆ ಕೊಡುತ್ತದೆ. ಅದೂ ಟೆಕ್ಸಸ್ ಕರಾವಳಿಯಲ್ಲಿ ಗಾಳಿಯನ್ನೇ ಬಿಟ್ಟಿರಬಹುದು, ನೋಡಿಕೊಳ್ಳಿ. ಕೆಳಗಿನಿಂದ ಏರಿ ಬಂದ ನೀರಿಗೆ ಅದು ಒಂದು ಡಾಲರ್ ಕೂಡ ಕೊಡುವುದಿಲ್ಲ. ಕಡಲುಬ್ಬರವೂ ಪ್ರವಾಹದ ಲೆಕ್ಕಕ್ಕೇ ಬರುತ್ತದೆ. ಗಾಳಿಗೆ ಚಾವಣಿ ಕಿತ್ತು ಮಳೆ ಒಳಬಂದರೆ ಮನೆ ವಿಮೆ, ಬೀದಿಯ ನೀರು ಬಾಗಿಲ ಕೆಳಗೆ ನುಗ್ಗಿದರೆ ಫ್ಲಡ್ ವಿಮೆ.

ಫ್ಲಡ್ ವಿಮೆಗೆ ಎರಡು ದಾರಿ. ಒಂದು, 1968ರಲ್ಲಿ ಶುರುವಾದ ಸರಕಾರಿ ಯೋಜನೆ ಎನ್‌ಎಫ್‌ಐಪಿ. ಮನೆಗೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್‌ವರೆಗೆ ಸಿಗುತ್ತದೆ. ಸಾಮಾನಿಗೆ ಕೊಡುವುದು ಹಳೆಯದರ ಬೆಲೆ, ಹೊಸದರದ್ದಲ್ಲ. ಮನೆ ರಿಪೇರಿ ಆಗುವವರೆಗಿನ ಬಾಡಿಗೆ ಇದರಲ್ಲಿ ಇಲ್ಲ. ಇನ್ನೊಂದು, ಖಾಸಗಿ ಕಂಪನಿಗಳದ್ದು. ಮಿತಿ ಹೆಚ್ಚಿರಬಹುದು, ಬಾಡಿಗೆಯೂ ಸಿಗಬಹುದು, ಕೆಲವು ಸಲ ಪ್ರೀಮಿಯಂ ಕಡಿಮೆ. ಆದರೆ ಒಂದು ಕೆಟ್ಟ ವರ್ಷದ ನಂತರ ಅವರು ನವೀಕರಿಸದೇ ಹೋಗಬಹುದು. ಮನೆಯನ್ನು ಮತ್ತೆ ಕಟ್ಟುವ ಖರ್ಚು 2,50,000ಕ್ಕಿಂತ ತುಂಬಾ ಜಾಸ್ತಿ ಇದ್ದರೆ ಖಾಸಗಿಯದನ್ನು ಕೇಳಿ ನೋಡಿ. ಇಲ್ಲದಿದ್ದರೆ ಸರಕಾರಿಯದೇ ನೆಮ್ಮದಿ.

ಎನ್‌ಎಫ್‌ಐಪಿ ವಿಮೆ ಕೊಂಡ 30 ದಿನದ ನಂತರ ಜಾರಿಗೆ ಬರುತ್ತದೆ. ಮನೆ ಸಾಲದ ಜೊತೆಯಲ್ಲೇ ತಗೊಂಡರೆ ತಕ್ಷಣ. ಚಂಡಮಾರುತ ನಕ್ಷೆಯಲ್ಲಿ ಕಂಡ ಮೇಲೆ ಕೊಂಡರೆ ಈ ಸಲಕ್ಕೆ ಸಿಗುವುದಿಲ್ಲ. ಮನೆ ವಿಮೆಯ ಕಂಪನಿಗಳೂ ವಾಚ್ ಬಂದ ಕೂಡಲೇ ಹೊಸ ಪಾಲಿಸಿ ಬರೆಯುವುದನ್ನು ನಿಲ್ಲಿಸುತ್ತವೆ. ಎಕ್ಸ್ ಝೋನ್‌ನಲ್ಲಿದ್ದರೆ ಬ್ಯಾಂಕ್ ಫ್ಲಡ್ ವಿಮೆ ಕಡ್ಡಾಯ ಮಾಡುವುದಿಲ್ಲ, ಹಾಗಾಗಿ ಬಿಟ್ಟುಬಿಡುತ್ತೇವೆ. ಹಾರ್ವಿಯಲ್ಲಿ ಹ್ಯೂಸ್ಟನ್ ಸುತ್ತ ಮುಳುಗಿದ ಮನೆಗಳಲ್ಲಿ ಹೆಚ್ಚಿನವು ಪ್ರವಾಹ ಪ್ರದೇಶ ಎಂದು ಗುರುತಿಸಿದ ಜಾಗದ ಹೊರಗಿದ್ದವು. ಕರಾವಳಿ ಕೌಂಟಿಯಲ್ಲಿ ಮನೆ ಇದ್ದರೆ ಯಾವ ಝೋನ್ ಆದರೂ ಕೊಳ್ಳಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಾಡಿಗೆಯವರೂ ಸಾಮಾನಿಗೆ ಮಾತ್ರ ಎನ್‌ಎಫ್‌ಐಪಿ ಕೊಳ್ಳಬಹುದು. ರೆಂಟರ್ಸ್ ವಿಮೆ ಸಾಮಾನ್ಯವಾಗಿ ಪ್ರವಾಹಕ್ಕೆ ಕೊಡುವುದಿಲ್ಲ. ಕಾರು ಮುಳುಗಿದರೆ ಕಾಂಪ್ರಹೆನ್ಸಿವ್ ವಿಮೆ ಇದ್ದವರಿಗೆ ಸಿಗುತ್ತದೆ.

ಮತ್ತೆ ಆ ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ಮೊದಲು ನಾವೇ ಹಾಕಬೇಕಾದ ಪಾಲು. ಫ್ಲಾರಿಡಾದಲ್ಲಿ ಹರಿಕೇನ್‌ಗೆ ಬೇರೆಯದೇ ಇರುತ್ತದೆ: 500 ಡಾಲರ್, ಇಲ್ಲವೇ ಮನೆಯ ವಿಮೆ ಮೊತ್ತದ ಶೇ. 2, 5 ಅಥವಾ 10. 4,00,000 ಡಾಲರ್‌ಗೆ ವಿಮೆ ಮಾಡಿದ ಮನೆಯಾದರೆ ಶೇ. 2 ಎಂದರೆ 8,000, ಶೇ. 5 ಎಂದರೆ 20,000. ಅಷ್ಟನ್ನು ನೀವು ಕೈಯಿಂದ ಹಾಕಿದ ಮೇಲೆ ಕಂಪನಿಯ ದುಡ್ಡು ಶುರು. ಪ್ರೀಮಿಯಂ ಉಳಿಸಲು ಶೇ. 5 ಆರಿಸಿಕೊಂಡವರು ಆ 20,000 ಡಾಲರ್ ಉಳಿತಾಯ ಖಾತೆಯಲ್ಲಿ ಇದೆಯಾ ಎಂದು ನೋಡಿ. ಇಲ್ಲದಿದ್ದರೆ ಶೇ. 2 ಒಳ್ಳೆಯದು. ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿ ಇದೆ, ಅದನ್ನು ಮುರಿದರಾಯಿತು ಎನ್ನುವವರಿಗೆ: ಒಂದು ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಇಲ್ಲ, ದುಡ್ಡು ಬರಲು ದಿನ ಹಿಡಿಯುತ್ತದೆ. ಡಿಡಕ್ಟಿಬಲ್‌ನಷ್ಟು ಹಣ ಇಲ್ಲೇ ಇರಲಿ. ತೀರಾ ಕಷ್ಟವಾದರೆ, ಕೇಂದ್ರ ಸರಕಾರ ವಿಪತ್ತು ಎಂದು ಘೋಷಿಸಿದ ಕಡೆಯವರು ನಿವೃತ್ತಿ ಉಳಿತಾಯದ ಖಾತೆ 401(ಕೆ)ಯಿಂದ 22,000 ಡಾಲರ್‌ವರೆಗೆ ಶೇ. 10ರ ದಂಡವಿಲ್ಲದೆ ತೆಗೆಯಬಹುದು, ನಿಮ್ಮ ಕಂಪನಿಯ ಯೋಜನೆ ಒಪ್ಪಿದರೆ. ನನ್ನ ಪ್ರಕಾರ ಅದು ಕೊನೆಯ ದಾರಿ.

ಕೇಂದ್ರ ಸರಕಾರದ ವಿಪತ್ತು ಪರಿಹಾರ ಸಂಸ್ಥೆ ಫೀಮಾ ಕೊಡುತ್ತದಲ್ಲ ಎಂದು ಕೂರಬೇಡಿ. ಅದರ ನಗದು ನೆರವು ಅಮೆರಿಕನ್ ಪ್ರಜೆಗಳಿಗೆ, ಗ್ರೀನ್ ಕಾರ್ಡ್‌ನವರಿಗೆ. ಎಚ್-1ಬಿ, ಎಫ್-1 ವೀಸಾದಲ್ಲಿರುವವರಿಗೆ ನೇರವಾಗಿ ಸಿಗುವುದಿಲ್ಲ. ಮನೆಯಲ್ಲಿ ಅಮೆರಿಕನ್ ಪ್ರಜೆಯಾದ ಮಗು ಇದ್ದರೆ ಅದರ ಪರವಾಗಿ ಅಪ್ಪ ಅಮ್ಮ ಅರ್ಜಿ ಹಾಕಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಚಿನ್ನ, ಕಾಗದಪತ್ರ

ಅಜ್ಜಿಯ ಸರ, ಮದುವೆಯ ಬಳೆ. ಎನ್‌ಎಫ್‌ಐಪಿಯಲ್ಲಿ ಒಡವೆ, ಕಲಾಕೃತಿ ಎಲ್ಲ ಸೇರಿ ಸಿಗುವುದು 2,500 ಡಾಲರ್ ಮಾತ್ರ. ನಗದಿಗೆ ಏನೂ ಇಲ್ಲ. ಬ್ಯಾಂಕ್ ಲಾಕರ್‌ನಲ್ಲಿದೆ ಎಂದರೆ, ಬ್ಯಾಂಕ್ ಠೇವಣಿಗೆ ಸರಕಾರ ಕೊಡುವ ಎಫ್‌ಡಿಐಸಿ ರಕ್ಷಣೆ ಖಾತೆಯ ಹಣಕ್ಕೆ ಮಾತ್ರ, ಲಾಕರ್‌ನೊಳಗಿನದಕ್ಕಲ್ಲ. ಲಾಕರ್‌ಗೂ ನೀರು ನುಗ್ಗಬಹುದು, ಆದರೆ ಚಿನ್ನ ನೀರಿಗೆ ಹಾಳಾಗುವುದಿಲ್ಲ. ಹೋಟೆಲ್ ರೂಮಿಗೆ ಹೊತ್ತೊಯ್ಯುವುದಕ್ಕಿಂತ ಲಾಕರ್ ವಾಸಿ. ಬೆಲೆ ಜಾಸ್ತಿ ಇದ್ದರೆ ಒಡವೆಗೇ ಬೇರೆ ವಿಮೆ ಮಾಡಿಸಿ. ಅದರಲ್ಲಿ ಸಾಮಾನ್ಯವಾಗಿ ಪ್ರವಾಹವೂ ಸೇರಿರುತ್ತದೆ. ಪಾಸ್‌ಪೋರ್ಟ್, ವೀಸಾ ಮಂಜೂರಾತಿಯ ಐ-797 ಪತ್ರ, ಒಸಿಐ ಕಾರ್ಡ್, ಮಕ್ಕಳ ಜನನ ಪತ್ರ ಮಾತ್ರ ನಿಮ್ಮ ಜೊತೆಯಲ್ಲೇ ಬರಬೇಕು, ನೀರು ತಾಗದ ಚೀಲದಲ್ಲಿ. ಲಾಕರ್‌ನಲ್ಲಿ ಕಾಗದ ನೆನೆದರೆ ಮುದ್ದೆಯಾಗುತ್ತದೆ.

ಹೊರಡುವ ಮೊದಲು ಫೋನ್ ಹಿಡಿದು ಮನೆಯ ಒಂದೊಂದು ಕೋಣೆಯ ವಿಡಿಯೊ ಮಾಡಿ. ಬೀರು ತೆರೆದು, ಫ್ರಿಡ್ಜ್, ಟಿವಿ ಹಿಂದಿನ ನಂಬರ್ ತೋರಿಸಿ, ದೇವರ ಮನೆಯ ಬೆಳ್ಳಿಯನ್ನೂ ಬಿಡದೆ. ವಾಪಸ್ ಬಂದಾಗ ನೆನೆದ ಕಾರ್ಪೆಟ್ ಬಿಸಾಡುವ ಮೊದಲು ಗೋಡೆಯ ಮೇಲಿನ ನೀರಿನ ಗುರುತಿನ ಫೋಟೊ ತೆಗೆಯಿರಿ, ಕಾರ್ಪೆಟ್‌ನ ಒಂದು ತುಂಡು ಇಟ್ಟುಕೊಳ್ಳಿ. ಎನ್‌ಎಫ್‌ಐಪಿಗೆ ನಷ್ಟದ ಲೆಕ್ಕ 60 ದಿನದೊಳಗೆ ಹೋಗಬೇಕು, ಅವಧಿ ವಿಸ್ತರಿಸಿದರೆ ಕಂಪನಿಯೇ ತಿಳಿಸುತ್ತದೆ. ಫ್ಲಾರಿಡಾದಲ್ಲಿ ಮನೆ ವಿಮೆಯ ಕ್ಲೇಮ್‌ಗೆ ಒಂದು ವರ್ಷ ಸಮಯವಿದೆ, ಆದರೂ ಮೊದಲ ವಾರವೇ ಹಾಕಿ. ಚಾವಣಿ ಪುಕ್ಕಟೆ ಮಾಡಿಕೊಡುತ್ತೇವೆ, ಇಲ್ಲಿ ಸಹಿ ಹಾಕಿ ಎಂದು ಯಾರಾದರೂ ಬಾಗಿಲು ತಟ್ಟಿದರೆ ಸಹಿ ಹಾಕಬೇಡಿ. ಮೊದಲು ಅವರ ಲೈಸೆನ್ಸ್ ನಂಬರ್ ಕೇಳಿ, ರಾಜ್ಯದ ಜಾಲತಾಣದಲ್ಲಿ ಹುಡುಕಿ ನೋಡಿ.